ಮಗು ಕಾಣುತ್ತಾ ಕೇಳು

ಜನವರಿ 6

ತಮ್ಮಾ,

ಈ ಕಾಗದದ ಜೊತೆ ಬಂದ ಪೆಟ್ಟಿಗೆಯನ್ನು ಮೊದಲು ಮೇಜಿನ ಮೇಲಿಡು, ಆಮೇಲೆ ಓದು. ಕೈಯಲ್ಲಿ ಹಿಡಿದುಕೊಂಡೇ ಓದಬೇಡ. ನಿನ್ನ ಕೈ ಎಂಥದ್ದೆಂದು ಮನೆಯ ಲೋಟಗಳಿಗೆಲ್ಲ ಗೊತ್ತು. ಒಳಗಿರುವುದು ಬೆಳ್ಳಿಯಜ್ಜಿ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಮನೆಗೂ ನಮ್ಮ ಫೋಟೋ ಸ್ಟುಡಿಯೋಗೂ ಇರುವುದು ಒಂದೇ ಫೋನು. ಅಮ್ಮನಿಗೆ ಅನುಕೂಲವಾಗಲೆಂದು ಬಂದ ಮೆಸೇಜನ್ನೆಲ್ಲ ಅದು ಗಟ್ಟಿಯಾಗಿ ಓದುವ ಹಾಗೆ ಮಾಡಿಸಿದ್ದೇನೆ. ಮಾತಾಡೋಣವೆಂದರೆ ಅಮ್ಮನ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿದೆ. ಅವಳ ವಿಷಯವನ್ನು ಅವಳಿಗೆ ಗೊತ್ತಾಗದ ಹಾಗೆ ಹೇಳಲು ಉಳಿದಿರುವುದು ಇದೊಂದೇ ದಾರಿ.

ವಿಷಯ ಇಷ್ಟು. ಕಣ್ಣಿನ ಡಾಕ್ಟರು, "ನೋಟದ ನಡುಭಾಗ ಹೋಗ್ತಾ ಇದೆ, ಅಂಚು ಮಾತ್ರ ಉಳಿಯುತ್ತೆ. ಬೇಸಿಗೆ ಹೊತ್ತಿಗೆ ಮುಖ ಗುರುತು ಹಿಡಿಯೋದು ಕಷ್ಟ ಆಗಬಹುದು" ಎಂದರು.  ಮೂರನೆಯ ದಿನ ಅಮ್ಮ ಟ್ರಂಕಿನ ತಳದಿಂದ ಬೆಳ್ಳಿಯಜ್ಜಿಯನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. "ಅವನಿಗೆ ಕಳಿಸು. ಹಳೇ ಫೋಟೋ ನೋಡೋಕೆ ಅಷ್ಟು ದೊಡ್ಡ ಯಂತ್ರ ಇದೆ ಅಂತಾನಲ್ಲ, ನೋಡಿ ಹೇಳಲಿ. ಮಗು ಕಾಣುತ್ತಾ ಕೇಳು."

ನಾವಿಬ್ಬರೂ ಅದನ್ನು ಕಂಡಾಗಿನಿಂದ ಅದು ಗಾಜಿನಡಿಯ ಅಂಗೈಯಗಲದ ಕಪ್ಪು ತಗಡು, ಅಷ್ಟೆ. ಅದರಲ್ಲಿ ಅಜ್ಜಿ ಕೂತಿದ್ದಾಳೆ, ಮಡಿಲಲ್ಲಿರುವ ಮಗುವೇ ಮುಂದೆ ಬೆಳೆದು ಈ ಸ್ಟುಡಿಯೋ ಹಾಕಿದ ಅಮ್ಮನ ಮುತ್ತಜ್ಜ ಎಂದು ಕೇಳಿದ್ದೆವೇ ಹೊರತು ನೋಡಿದವರಲ್ಲ. ಅಮ್ಮ ಮಾತ್ರ ಚಿಕ್ಕವಳಿದ್ದಾಗ ನೋಡಿದ್ದಾಳೆ. ಅವಳದು ಥೇಟ್ ಬೆಳ್ಳಿಯಜ್ಜಿಯ ಮುಖ ಎನ್ನುತ್ತಿದ್ದರಂತೆ. ಕಣ್ಣಿರುವಾಗಲೇ ಒಮ್ಮೆ ಆ ಮುಖ ನೋಡಿಬಿಡುವ ಆಸೆ ಅವಳಿಗೆ, ಪಾಪ.

ಪೆಟ್ಟಿಗೆಯನ್ನು ಚೆನ್ನಾಗಿ ಕಟ್ಟಿದ್ದೇನೆ. ಒರೆಸದೆ ಯಾವುದೂ ನಮ್ಮ ಅಂಗಡಿಯ ಹೊಸಿಲು ದಾಟಬಾರದು ಎಂಬ ತಾತನ ನಿಯಮವನ್ನು ನಾನಿನ್ನೂ ಬಿಟ್ಟಿಲ್ಲ.

ಬೇಗ ಬರಿ.

ಅಕ್ಕ

ಜನವರಿ 19

ಅಕ್ಕಾ,

ಬೆಳ್ಳಿಯಜ್ಜಿ ಸುಖವಾಗಿ ಬಂದಿಳಿದಿದ್ದಾಳೆ. ಹಳೆಯ ಫೋಟೋ ಉಳಿಸುವ ನಮ್ಮ ಕಚೇರಿಯ ನೆಲಮಾಳಿಗೆಯ ಕೋಣೆಯಲ್ಲಿ, ಬಿಸಿಯೂ ತೇವವೂ ಹೆಚ್ಚಾಗದ ಕಪಾಟಿನಲ್ಲಿದ್ದಾಳೆ. ನನಗಿಂತ ಅವಳಿಗೇ ಇಲ್ಲಿ ಮರ್ಯಾದೆ ಹೆಚ್ಚು. ಮನೆಯ ವಸ್ತುಗಳನ್ನು ಇಲ್ಲಿಗೆ ತರುವ ಹಾಗಿಲ್ಲ. ನಮ್ಮ ಮೇಡಂ ಕೈಕಾಲು ಹಿಡಿದು ಒಪ್ಪಿಸಿದ್ದೇನೆ.

ಅಮ್ಮನಿಗೆ ಹೀಗೆ ಹೇಳು. ಕಾಗದದ ಫೋಟೋ ಬರುವ ಮೊದಲು ಬೆಳ್ಳಿ ಲೇಪಿಸಿದ ತಗಡಿನ ಮೇಲೇ ಚಿತ್ರ ಹಿಡಿಯುತ್ತಿದ್ದರು. ತಗಡಿಗೆ ಬೆಳಕು ತೋರಿಸಿ ಆಮೇಲೆ ಪಾದರಸದ ಹಬೆ ಕೊಡುತ್ತಿದ್ದರು. ಬೆಳಕು ಬಿದ್ದಲ್ಲೆಲ್ಲ ಪಾದರಸ ಸಣ್ಣ ಕಣಗಳಾಗಿ ಕೂತುಕೊಳ್ಳುತ್ತಿತ್ತು. ಅಜ್ಜಿಯ ಮುಖವೆಂದರೆ ಆ ಕಣಗಳೇ. ಬೆಳ್ಳಿ ಕಪ್ಪಾಗಿ ಮೇಲೆ ಪೊರೆ ಬೆಳೆದರೂ ಕಣಗಳು ಕೆಳಗೆ ಇದ್ದಲ್ಲೇ ಇರುತ್ತವೆ. ದೊಡ್ಡ ಯಂತ್ರವೊಂದು ಕೂದಲಿಗಿಂತ ತೆಳುವಾದ ಎಕ್ಸ್-ರೇ ಕಿರಣವನ್ನು ತಗಡಿನ ಮೇಲೆ ಸಾಲು ಸಾಲಾಗಿ ಓಡಿಸಿ, ಪ್ರತಿ ಚುಕ್ಕೆಯಲ್ಲೂ ಏನೇನಿದೆ ಎಂದು ಬರೆದುಕೊಳ್ಳುತ್ತದೆ. ಅದರಲ್ಲಿ ಪಾದರಸವನ್ನು ಮಾತ್ರ ಆರಿಸಿ ಜೋಡಿಸಿದರೆ ಮುಖ ಎದ್ದು ಬರುತ್ತದೆ. ತಗಡನ್ನು ಮುಟ್ಟುವ, ತೊಳೆಯುವ ಪ್ರಶ್ನೆಯೇ ಇಲ್ಲ.

ಆದರೆ ಆ ಕಣಗಳನ್ನು ಯಾರೂ ಒರೆಸಿರಬಾರದು. ಚಿಟ್ಟೆಯ ರೆಕ್ಕೆಯ ಪುಡಿಯಿದ್ದ ಹಾಗೆ ಅದು. ಬಟ್ಟೆ ಸೋಕಿದರೂ ಹೋಯಿತು, ಬೆರಳು ಸೋಕಿದರೂ ಹೋಯಿತು.

ಫೆಬ್ರವರಿ 12ಕ್ಕೆ ಯಂತ್ರ ಒಂದು ದಿನ ನಮಗೆ ಸಿಕ್ಕಿದೆ. ಮಗುವಿನ ವಿಷಯ ಈಗಲೇ ಏನೂ ಹೇಳಲಾರೆ. ಅಮ್ಮನಿಗೆ ಅಜ್ಜಿಯ ಮುಖದ ಬಗ್ಗೆ ಮಾತ್ರ ಹೇಳಿರು.

ತಮ್ಮ

ಜನವರಿ 27

ತಮ್ಮಾ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ, ಪೂರ್ತಿ ಅಲ್ಲ. ಪಾದರಸದವರೆಗೆ ಓದಿ ನಿಲ್ಲಿಸಿದೆ. "ಅಜ್ಜಿ ಇರಲಿ, ಮಗು ಕಾಣುತ್ತಂತಾ?" ಎಂದಳು. ಯಂತ್ರಕ್ಕೆ ಇನ್ನೂ ಇಟ್ಟಿಲ್ಲ ಎಂದೆ. ಎದ್ದು ಒಳಗೆ ಹೋದಳು.

ನೀನು ಒರೆಸುವ ಬಗ್ಗೆ ಬರೆದಿದ್ದೀಯಲ್ಲ, ಎಷ್ಟು ಒರೆಸಿದರೆ ಹೋಗುತ್ತದೆ? ಒಂದು ಸಲ ಮೆಲ್ಲಗೆ ಬಟ್ಟೆ ಆಡಿಸಿದರೂ ಹೋಗುತ್ತದಾ? ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆಯಾದರೆ? ಸುಮ್ಮನೆ ಕೇಳಿದೆ. ಗಿರಾಕಿಗಳು ಹಳೆಯ ಫೋಟೋ ತಂದು ಏನೇನೋ ಕೇಳುತ್ತಿರುತ್ತಾರೆ.

ನಿನ್ನೆ ಅಮ್ಮ ಲೋಟಕ್ಕೆ ಬಗ್ಗಿಸಿದ ನೀರು ಮೇಜಿನ ಮೇಲೆ ಹರಿಯಿತು. "ಮೇಜಿಗೂ ಬಾಯಾರಿಕೆ ಆಗಿತ್ತು ಕಣೇ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಸ್ಟುಡಿಯೋದ ಪರದೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಅಕ್ಕ

ಫೆಬ್ರವರಿ 11

ಅಕ್ಕಾ,

ಯಂತ್ರ ಕೆಟ್ಟು ಕೂತಿದೆ. ನಾಳೆ ಇದ್ದದ್ದು ಮುಂದಕ್ಕೆ ಹೋಯಿತು. ಮಾರ್ಚ್ ಕೊನೆಗೆ ಎನ್ನುತ್ತಿದ್ದಾರೆ. ಅಮ್ಮನಿಗೆ ಹೇಗೆ ಹೇಳುವುದೆಂದು ನೀನೇ ನೋಡಿಕೊ.

ಒಂದು ಕೇಳಬೇಕು. ಒರೆಸಿದರೆ ಏನಾಗುತ್ತದೆ ಎಂದು ಅಷ್ಟೆಲ್ಲ ಯಾಕೆ ಕೇಳಿದೆ? ನಮ್ಮ ಕಚೇರಿಯವರು ಯಾರಾದರೂ ನಿನಗೆ ಏನಾದರೂ ಹೇಳಿದರಾ? ತಗಡು ಇಲ್ಲಿ ಕ್ಷೇಮವಾಗಿದೆ, ಆ ಬಗ್ಗೆ ಅನುಮಾನ ಬೇಡ. ನೀನು ಪೆಟ್ಟಿಗೆ ಕಟ್ಟುವಾಗ ಅದು ಹೇಗಿತ್ತು ಎಂದು ಮಾತ್ರ ನೆನಪಿದ್ದಷ್ಟು ಬರಿ. ಮೇಲೆ ಗೆರೆ, ಗೀರು ಏನಾದರೂ ಇತ್ತಾ?

ತಮ್ಮ

ಫೆಬ್ರವರಿ 18

ತಮ್ಮಾ,

ಕೇಳಬೇಕಾದ್ದನ್ನು ಸುತ್ತಿ ಬಳಸಿ ಯಾಕೆ ಕೇಳುತ್ತೀಯ? ಅನುಮಾನವಿದ್ದರೆ ನೇರವಾಗಿ ಹೇಳು. ಮೂವತ್ತು ವರ್ಷದಿಂದ ಫೋಟೋ ಮುಟ್ಟಿಕೊಂಡೇ ಅನ್ನ ತಿನ್ನುತ್ತಿರುವವಳು ನಾನು. ನನಗೆ ಪೆಟ್ಟಿಗೆ ಕಟ್ಟುವುದನ್ನು ಕಲಿಸಬೇಡ. ಗೆರೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಎಲ್ಲ ಕಪ್ಪಾಗಿತ್ತು, ಅಷ್ಟೆ. ಬೆಳ್ಳಿ ಕಪ್ಪಾದರೆ ಯಾರಾದರೂ ತಿಕ್ಕಿ ಬೆಳಗುತ್ತಾರೆ. ನಿಮ್ಮ ಹಾಗೆ ಎಕ್ಸ್-ರೇ ಹೊಡೆಸಿ ಕೂರುವುದಿಲ್ಲ.

ಅಮ್ಮನ ಬಲಗಣ್ಣಿನ ನಡುವೆ ಈಗ ಒಂದು ಕಪ್ಪು ಚುಕ್ಕೆ. ನನ್ನ ಜೊತೆ ಮಾತಾಡುವಾಗ ಗೋಡೆಯ ಕಡೆ ನೋಡುತ್ತಾಳೆ. ಹಾಗೆ ನೋಡಿದರೆ ನಾನು ಕಾಣುತ್ತೇನಂತೆ. ಮಾರ್ಚ್ ಕೊನೆಯೆಂದರೆ ಅವಳಿಗೆ ಎಷ್ಟು ದೂರ ಎನ್ನುವುದು ಗೊತ್ತೇನೋ ನಿನಗೆ?

ಮಗುವಿನ ವಿಷಯ ದಿನಕ್ಕೊಂದು ಸಲ ಕೇಳುತ್ತಾಳೆ. ಅಜ್ಜಿಯ ವಿಷಯ ಒಂದು ಸಲವೂ ಇಲ್ಲ. ವಯಸ್ಸಾದ ಮೇಲೆ ಮಕ್ಕಳ ಮೇಲೇ ಪ್ರಾಣ.

ಅಕ್ಕ

ಮಾರ್ಚ್ 9

ಕಾಗದ ಬರೆದು ಹತ್ತೊಂಬತ್ತು ದಿನವಾಯಿತು. ನಿನ್ನಿಂದ ಒಂದು ಅಕ್ಷರವಿಲ್ಲ. ಫೋನು ಮಾಡಿದರೆ "ಚೆನ್ನಾಗಿದ್ದೀನಿ, ಇಡ್ತೀನಿ" ಎನ್ನುತ್ತೀಯ. ಏನಾಗಿದೆಯೋ? ಕಾರ್ಡಿನಲ್ಲಿ ಜಾಗವಿಲ್ಲ, ಇದ್ದಿದ್ದರೆ ಬೈಯುತ್ತಿದ್ದೆ.

ಅಕ್ಕ

ಮಾರ್ಚ್ 14

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ಬೆಳ್ಳಿಯಜ್ಜಿ ಸುಖವಾಗಿ ಬಂದಳೆಂದು ಬರೆದದ್ದು ಸುಳ್ಳು. ಪೆಟ್ಟಿಗೆ ಬಿಚ್ಚಿದ ದಿನ, ಗಾಜನ್ನೂ ತಗಡನ್ನೂ ಹಿಡಿದಿದ್ದ ಹಳೆಯ ಕಾಗದದ ಪಟ್ಟಿ ನನ್ನ ಕೈಯಲ್ಲೇ ಪುಡಿಯಾಯಿತು. ತಗಡು ಜಾರಿತು. ನೆಲಕ್ಕೆ ಬೀಳುವ ಮೊದಲು ಹಿಡಿದುಕೊಂಡೆ. ಆದರೆ ಹಿಡಿದ ಅಂಗೈ ತಗಡಿನ ಮೇಲೆ ಉದ್ದಕ್ಕೂ ಸವರಿಹೋಯಿತು. ಕೈಗವಸು ಇತ್ತು, ಇದ್ದು ಏನು ಬಂತು? ತಿರುಗಿಸಿ ನೋಡಿದರೆ ಕಪ್ಪಿನ ಮೇಲೆ ಎರಡು ಬೆರಳಗಲದ ಗೆರೆ. ಅದೂ ಎಲ್ಲಿ? ಕೆಳಗಿನ ಅರ್ಧದಲ್ಲಿ, ಮಡಿಲಿರಬೇಕಾದ ಜಾಗದಲ್ಲಿ. ದೀಪ ಓರೆಯಾಗಿ ಹಿಡಿದು ನೋಡಿದೆ. ಆ ಜಾಗ ಉಳಿದ ಕಡೆಗಿಂತ ಬೋಳಾಗಿ ಕಾಣುತ್ತದೆ.

ಊರವರ ಹಳೆಯ ಫೋಟೋಗಳನ್ನೆಲ್ಲ ಉಳಿಸಿಕೊಡುವ ಕೆಲಸ ನನ್ನದು. ಮನೆಯದನ್ನು ಹತ್ತು ನಿಮಿಷದಲ್ಲಿ ಕೆಡಿಸಿದೆ. ಅಮ್ಮ ಕೇಳುತ್ತಿರುವುದು ಮಗುವನ್ನು. ಆ ಮಗುವನ್ನೇ ನಾನು ಒರೆಸಿಹಾಕಿದ್ದೇನೆ ಅನಿಸುತ್ತದೆ. ಅದಕ್ಕೇ ಬರೆಯಲಿಲ್ಲ. ನೀನು ಒರೆಸುವ ವಿಷಯ ಕೇಳಿದಾಗ ಯಾರೋ ನಿನಗೆ ಹೇಳಿಬಿಟ್ಟಿದ್ದಾರೆಂದು ಹೆದರಿದೆ. ಗೀರಿತ್ತಾ ಎಂದು ಕೇಳಿದ್ದೂ ತಪ್ಪು ನಿನ್ನ ಮೇಲೆ ಬರಲಿ ಎಂಬ ಹೇಡಿ ಆಸೆಯಿಂದಲೇ.

ಮೇಡಂಗೆ ನಿನ್ನೆ ಹೇಳಿದೆ. ಬೈಯಲಿಲ್ಲ. "ಯಂತ್ರ ಏನು ಹೇಳುತ್ತೋ ನೋಡೋಣ" ಎಂದರು. ಬೈದಿದ್ದರೆ ಚೆನ್ನಾಗಿತ್ತು. 27ಕ್ಕೆ ಯಂತ್ರ ಸಿಗುವುದು ಖಚಿತವಾಗಿದೆ. ಅಮ್ಮನಿಗೆ ಈಗಲೇ ಹೇಳಬೇಡ.

ತಮ್ಮ

ಮಾರ್ಚ್ 21

ತಮ್ಮಾ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ಆಮೇಲೆ ನಗು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಇಲ್ಲಿ ಅಕ್ಕ ತಮ್ಮ ಇಬ್ಬರೂ ಎರಡು ತಿಂಗಳಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದೇವೆ.

ಪೆಟ್ಟಿಗೆ ಕಟ್ಟುವ ದಿನ ಗಾಜಿನ ಮೇಲೆ ಧೂಳಿತ್ತು. ಗಾಜು ಒರೆಸಿದೆ. ಒರೆಸುವಾಗ ಅದರ ಒಂದು ಮೂಲೆ ಎದ್ದು ಬಂತು. ಒಳಗೂ ಧೂಳು ಕಂಡಿತು. ಎದ್ದ ಮೂಲೆಯಿಂದ ಬಟ್ಟೆ ತೂರಿಸಿ ತಗಡಿನ ಮೇಲೂ ಎರಡು ಸಲ ಆಡಿಸಿದೆ. ಕೈಯೇ ಮಾಡಿತು ಕಣೋ, ನಾನು ಯೋಚಿಸಲೂ ಇಲ್ಲ. ಒರೆಸದೆ ಹೊಸಿಲು ದಾಟಿಸಬಾರದಲ್ಲ! ಬಟ್ಟೆಯ ಮೇಲೆ ಬೂದು ಬಣ್ಣ ಬಂತು. ಕೊಳೆ ಹೋಯಿತೆಂದು ಖುಷಿಯೂ ಪಟ್ಟೆ. ಹದಿನೈದು ದಿನಕ್ಕೆ ನಿನ್ನ ಚಿಟ್ಟೆಯ ರೆಕ್ಕೆಯ ಕಾಗದ ಬಂತು. ಆ ಬಟ್ಟೆಯನ್ನು ಇನ್ನೂ ಒಗೆದಿಲ್ಲ. ಡ್ರಾಯರಿನಲ್ಲಿಟ್ಟು ದಿನಾ ತೆಗೆದು ನೋಡುತ್ತೇನೆ. ಆ ಬೂದಿಯಲ್ಲಿ ಮಗುವಿನ ಮೂಗೋ ಕೆನ್ನೆಯೋ ಇದೆಯೇನೋ ಎನಿಸಿ ಒಗೆಯಲು ಕೈ ಬರುವುದಿಲ್ಲ.

ಆದ್ದರಿಂದ ಪಾಪವನ್ನು ಪೂರ್ತಿ ನೀನೊಬ್ಬನೇ ಹೊರಬೇಡ. ದೊಡ್ಡವಳು ನಾನು, ದೊಡ್ಡ ಪಾಲು ನನಗಿರಲಿ.

ಅಮ್ಮನ ಎಡಗಣ್ಣಿಗೂ ಚುಕ್ಕೆ ಬಂತು. ಏನೇ ಬರಲಿ, ಬಂದದ್ದನ್ನು ಬಂದ ಹಾಗೇ ಬರಿ. ಇನ್ನು ಮುಚ್ಚಿಡುವುದು ಬೇಡ. ನನ್ನ ಎದೆಗೆ ಅಷ್ಟು ಜಾಗವಿಲ್ಲ.

ಅಕ್ಕ

ಏಪ್ರಿಲ್ 3

ಅಕ್ಕಾ,

ಕೂತುಕೊಂಡು ಓದು. ಅಮ್ಮನನ್ನೂ ಕೂರಿಸಿಕೊ, ಇದನ್ನು ಮುಚ್ಚಿಡುವ ಅಗತ್ಯವಿಲ್ಲ.

27ರ ಬೆಳಗ್ಗೆ ಎಂಟಕ್ಕೆ ತಗಡನ್ನು ಕಿರಣದ ಮುಂದೆ ನಿಲ್ಲಿಸಿದೆವು. ಚಿತ್ರ ಮೇಲಿನಿಂದ ಒಂದೊಂದೇ ಸಾಲು ಬರುತ್ತದೆ, ನಿಟ್ಟಿಂಗ್ ಮಾಡಿದ ಹಾಗೆ. ಒಂಬತ್ತೂವರೆಗೆ ಬೈತಲೆ ಬಂತು. ಹತ್ತೂಕಾಲಿಗೆ ಹುಬ್ಬು. ಹನ್ನೊಂದಕ್ಕೆ ಅಮ್ಮ ಬಂದಳು ಅಕ್ಕಾ! ಸುಳ್ಳಲ್ಲ, ಅಮ್ಮನದೇ ಮೂಗು, ಅಮ್ಮನದೇ ಬಿಗಿದ ತುಟಿ. ಯಂತ್ರ ನೋಡಿಕೊಳ್ಳುವವನು "ಯಾರಿದು, ಇಷ್ಟು ಕೋಪ?" ಎಂದ. ನಮ್ಮ ಮನೆಯವರು ಎಂದೆ.

ಮಡಿಲಿನ ಸಾಲು ಬರುವ ಹೊತ್ತಿಗೆ ನನ್ನಿಂದ ನೋಡಲಾಗಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಮೇಡಂ ಬಂದು ಎಬ್ಬಿಸಿದರು.

ಮಗು ಇದೆ. ತೆಳ್ಳಗಿದೆ, ಅಲ್ಲಲ್ಲಿ ಸವೆದಿದೆ, ಆದರೆ ಇದೆ. ಅದಕ್ಕೆ ಎರಡು ಮುಖ! ಒಂದು ಅಜ್ಜಿಯ ಕಡೆಗೆ, ಇನ್ನೊಂದು ನಮ್ಮ ಕಡೆಗೆ. ಆ ಕಾಲದಲ್ಲಿ ಫೋಟೋ ತೆಗೆಯುವಾಗ ಬಹಳ ಹೊತ್ತು ಅಲುಗಾಡದೆ ಕೂರಬೇಕಿತ್ತು. ಅಜ್ಜಿ ಕಲ್ಲಿನ ಹಾಗೆ ಕೂತಿದ್ದಾಳೆ, ಮಗು ನಡುವೆ ತಲೆ ತಿರುಗಿಸಿದೆ. ಅದಕ್ಕೇ ಎರಡರ ಮಧ್ಯೆ ಮಬ್ಬು. ಮುಂದೆ ಜೀವನಪೂರ್ತಿ ಗಿರಾಕಿಗಳಿಗೆ "ಅಲುಗಾಡಬೇಡಿ" ಎಂದ ಮುತ್ತಜ್ಜ ತಾನು ಮಾತ್ರ ಕೂತಿರಲಿಲ್ಲ.

ಈಗ ನಮ್ಮ ಪಾಪದ ವಿಷಯ. ನನ್ನ ಅಂಗೈ ಹೊತ್ತೊಯ್ದದ್ದು ಮೇಲಿನ ಧೂಳನ್ನು ಮಾತ್ರ, ಕಪ್ಪು ಪೊರೆ ಕೆಳಗಿನದನ್ನು ಕಾದಿದೆ. ನೀನು ಒರೆಸಿದ್ದು ಕೆಳಗಿನ ಅಂಚಿನಲ್ಲಿ, ಅಲ್ಲಿ ಪೊರೆ ತೆಳು, ಅಕ್ಕಿಕಾಳಿನಷ್ಟು ಹೋಗಿದೆ, ಅಜ್ಜಿಯ ಬಟ್ಟೆಯ ತುದಿ. ಆ ಬಟ್ಟೆಯನ್ನು ಇನ್ನಾದರೂ ಒಗೆ.

ಮಗುವನ್ನು ಸವೆಸಿದ್ದು ನಾವಲ್ಲ. ಮುಖದ ಮೇಲೆ ಸುತ್ತು ಸುತ್ತಾಗಿ ಸಣ್ಣ ಗೀರುಗಳಿವೆ. ಅವು ಕಪ್ಪು ಪೊರೆಯ ಅಡಿಯಲ್ಲಿವೆ, ಎಂದರೆ ತಗಡು ಕಪ್ಪಾಗುವ ಮೊದಲೇ, ಎಷ್ಟೋ ವರ್ಷಗಳ ಹಿಂದೆ ಆದದ್ದು. ಗೀರುಗಳೊಳಗೆ ಸುಣ್ಣದ ಅಂಶ ಸಿಕ್ಕಿದೆ, ಸೀಮೆಸುಣ್ಣದ ಪುಡಿ ಇರಬೇಕು. ಸುತ್ತುಗಳು ಎಷ್ಟು ಚಿಕ್ಕವೆಂದರೆ ಅವು ದೊಡ್ಡವರ ಬೆರಳಿನದಲ್ಲ. ಕೈಯಲ್ಲಿ ಭಾರವೂ ಇರಲಿಲ್ಲ, ಅದಕ್ಕೇ ಬೆಳ್ಳಿಗೆ ಕಚ್ಚಿಕೊಂಡ ಕಣಗಳು ಉಳಿದಿವೆ. ತಾತನ ಕಾಲದಲ್ಲಿ ಅಂಗಡಿಯಲ್ಲಿ ಸೀಮೆಸುಣ್ಣದ ಪುಡಿ ಬಳಸುತ್ತಿದ್ದರಾ? ಅಮ್ಮನನ್ನು ಕೇಳು.

ತಗಡನ್ನು ಬೆಳಗುವುದಿಲ್ಲ. ಹೊಸ ಗಾಜು ಹಾಕಿ, ಗಾಳಿಯಾಡದ ಹಾಗೆ ಮುಚ್ಚಿ ಕಳಿಸುತ್ತೇನೆ. ಕಪ್ಪಾಗಿಯೇ ಇರಲಿ. ಚಿತ್ರವನ್ನು ಎರಡಡಿ ಎತ್ತರಕ್ಕೆ ದೊಡ್ಡದು ಮಾಡಿ ಸುರುಳಿ ಸುತ್ತಿ ಇದರ ಜೊತೆ ಇಟ್ಟಿದ್ದೇನೆ. ಅಮ್ಮನಿಗೆ ಕಾಣುವುದಾ? ತಡವಾಯಿತಾ? ಅದೊಂದನ್ನು ತಕ್ಷಣ ಬರಿ.

ತಮ್ಮ

ಏಪ್ರಿಲ್ 15

ತಮ್ಮಾ,

ತಕ್ಷಣ ಬರೆಯಲಾಗಲಿಲ್ಲ. ಯಾಕೆಂದು ನಿನಗೇ ಗೊತ್ತಾಗುತ್ತದೆ.

ಅಮ್ಮನನ್ನು ಸ್ಟುಡಿಯೋದ ಕುರ್ಚಿಯಲ್ಲಿ ಕೂರಿಸಿ ಕಾಗದ ಓದತೊಡಗಿದೆ. ನಾನು ಅವಸರದವಳು, ಮೊದಲು ನಮ್ಮ ಪಾಪದ ಭಾಗ ಹುಡುಕಿ ಅದನ್ನೇ ಗಟ್ಟಿಯಾಗಿ ಓದಿದೆ. ಸೀಮೆಸುಣ್ಣದ ಪುಡಿ ಎಂದದ್ದೇ ತಡ, ಅಮ್ಮ ನನ್ನ ಮಣಿಕಟ್ಟು ಹಿಡಿದಳು. "ಸಾಕು, ನಿಲ್ಲಿಸು. ಅದು ನಾನೇ."

ಆಮೇಲೆ ಗೋಡೆಯ ಕಡೆ ನೋಡುತ್ತಾ, ಎಂದರೆ ನನ್ನನ್ನೇ ನೋಡುತ್ತಾ, ಹೇಳಿದಳು.

"ನನಗೊಬ್ಬ ತಮ್ಮ ಇದ್ದ. ಒಂದೂವರೆ ವರ್ಷ. ನಿಮಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಕೂತಲ್ಲಿ ಕೂರ್ತಿರಲಿಲ್ಲ ಅವನು. ಅಪ್ಪ ಎರಡು ಸಲ ಕ್ಯಾಮೆರಾ ಮುಂದೆ ಕೂರಿಸಿದ್ರು, ಎರಡು ಸಲಾನೂ ಎದ್ದು ಓಡಿದ. ಕೂರೋದು ಕಲೀಲಿ, ಆಮೇಲೆ ತೆಗೆಯೋಣ ಅಂದ್ರು. ಊರವರದ್ದೆಲ್ಲ ಫೋಟೋ ತೆಗೆದ ಮನೇಲಿ ಅವನದ್ದು ಒಂದೂ ಇಲ್ಲ ಕಣೇ. ಎಲ್ಲರೂ ಇವನು ಬೆಳ್ಳಿಯಜ್ಜಿ ಮಡಿಲಿನ ಮಗು ಥರಾನೇ ಇದ್ದಾನೆ ಅಂತಿದ್ರು. ನಿಜವಾ ನೋಡೋಣ ಅಂತ ನಾನು ತಗಡು ತಗೊಂಡೆ. ಒಂಬತ್ತು ವರ್ಷ ನನಗೆ. ಅಜ್ಜಿ ಮುಖ ಸ್ವಚ್ಛ ಇತ್ತು, ಮಗು ಮುಖದ ಮೇಲೆ ಮಾತ್ರ ಏನೋ ಮೆತ್ತಿದ ಹಾಗೆ ಮಬ್ಬು. ಕೊಳೆ ಅಂದ್ಕೊಂಡೆ. ಅಂಗಡೀಲಿ ಗಾಜು ಒರೆಸೋದು ನನ್ನ ಕೆಲಸ ತಾನೇ? ಗಾಜು ಬಿಡಿಸಿ, ಸೀಮೆಸುಣ್ಣದ ಪುಡಿ ತಗೊಂಡು ಮೆಲ್ಲಗೆ, ನಮ್ಮ ಪಾಪು ಮುಖ ಒರೆಸ್ತಿದ್ದೆನಲ್ಲ, ಹಾಗೇ ಒರೆಸಿದೆ. ಮಬ್ಬು ಹೋಗಲಿಲ್ಲ, ಮಗುನೇ ಹೋಯ್ತು. ಹೆದರಿ ಮತ್ತೆ ಗಾಜು ಮುಚ್ಚಿ, ಕಾಗದದ ಪಟ್ಟಿ ಅಂಟಿಸಿ, ಟ್ರಂಕಿನ ತಳಕ್ಕೆ ಹಾಕಿದೆ. ಹದಿನೈದು ದಿನಕ್ಕೆ ಅವನಿಗೆ ಜ್ವರ ಬಂತು. ಮೂರೇ ದಿನ."

ನಾನು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. 

"ನಾನು ಒರೆಸಿದ್ದಕ್ಕೇ ಹೋದ ಅಂದ್ಕೊಂಡೆ. ಅದು ಹುಚ್ಚು ಅಂತ ದೊಡ್ಡವಳಾದ ಮೇಲೆ ಗೊತ್ತಾಯ್ತು. ಗೊತ್ತಾದರೂ ಒಳಗಿನ ಹುಡುಗಿ ಕೇಳಲಿಲ್ಲ."

ನೋಡಿದೆಯಾ ತಮ್ಮಾ, ಎರಡು ತಿಂಗಳು ನಾವು ನಮ್ಮಿಬ್ಬರ ನಡುವೆ ಹಂಚಿಕೊಂಡದ್ದನ್ನು ಅವಳು ಎಪ್ಪತ್ತು ವರ್ಷ ಒಬ್ಬಳೇ ಹೊತ್ತಿದ್ದಳು. ದಿನಾ ಮಗು ಕಾಣುತ್ತಾ ಕೇಳು ಎನ್ನುತ್ತಿದ್ದಳಲ್ಲ, ನಾನು ಮುದುಕಿಯ ಆಸೆಯೆಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಉಳಿದದ್ದನ್ನು ನಾನು ಗಟ್ಟಿಯಾಗಿ ಓದಲಿಲ್ಲ, ಮನಸ್ಸಿನಲ್ಲೇ ಓದಿಕೊಂಡೆ. ಸುರುಳಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದೆ.  ಅಮ್ಮ ನೇರವಾಗಿ ನೋಡಿದಳು, ಏನೂ ಕಾಣಲಿಲ್ಲ.  ಆಮೇಲೆ ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು, ಬಾಗಿಲ ಕಡೆಗೆ. ಕಣ್ಣಿನ ಅಂಚಿನಿಂದ ನೋಡುತ್ತಾ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದಳು. ಹಿಡಿದೆ. ಬಹಳ ಹೊತ್ತು ಹಾಗೇ ಇದ್ದಳು.

"ಎರಡು ಕಾಣ್ತಿದೆ. ನನ್ನ ಕಣ್ಣಾ?"

"ಅಲ್ಲಮ್ಮ, ಎರಡೇ ಇರೋದು. ಮಗು ತಲೆ ತಿರುಗಿಸಿದೆ. ನೀನು ಕೊಳೆ ಅಂದ್ಕೊಂಡಿದ್ದು ಅದೇ."

"ಅಲುಗಾಡ್ತಾ?"

"ಅಲುಗಾಡಿದೆ."

"ನೋಡು ಕಳ್ಳನ್ನ," ಎಂದಳು ಅಮ್ಮ. "ಇಲ್ಲೂ ಕೂತಿಲ್ಲ." ಅವಳು ನಕ್ಕಳು ತಮ್ಮಾ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನಕ್ಕಳು. "ಹೀಗೇ ಇದ್ದ ಕಣೇ ನಿಮ್ಮ ಮಾವ. ಹೀಗೇ ಇದ್ದ."

ಮರುದಿನವೇ ಚಿತ್ರಕ್ಕೆ ಗಾಜು ಹಾಕಿಸಿ ಅವಳ ಮಂಚದ ಪಕ್ಕದ ಗೋಡೆಗೆ, ಅವಳ ಕಣ್ಣಿನ ಅಂಚಿಗೆ ಬೀಳುವ ಹಾಗೆ ತೂಗುಹಾಕಿದೆ. ಅಜ್ಜಿಯ ಮುಖವನ್ನು ಅವಳು ಇನ್ನೂ ಸರಿಯಾಗಿ ನೋಡಿಯೇ ಇಲ್ಲ. "ಅವಳನ್ನ ಕನ್ನಡೀಲಿ ಬೇಕಾದಷ್ಟು ನೋಡಿದೀನಿ" ಎನ್ನುತ್ತಾಳೆ. ದಿನಾ ಬೆಳಗ್ಗೆ ಎದ್ದವಳು ಕೈಚಾಚಿ ಮಗುವಿನ ಎರಡೂ ಕೆನ್ನೆಗಳನ್ನು ಮುಟ್ಟುತ್ತಾಳೆ. ಗಾಜಿನ ತುಂಬ ಬೆರಳಿನ ಗುರುತು. ಇವತ್ತು ಕೋಣೆ ಗುಡಿಸುವಾಗ ಅದು ಕಣ್ಣಿಗೆ ಬಿತ್ತು. ನನ್ನ ಕೈ ಗೊತ್ತಲ್ಲ, ತಾನಾಗಿ ಬಟ್ಟೆ ಎತ್ತಿಕೊಂಡಿತು.

ಅಮ್ಮ ಬಾಗಿಲ ಕಡೆ ತಿರುಗಿ ಮಲಗಿದ್ದಳು. ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದೆ.

"ಒರೆಸಬೇಡ," ಎಂದಳು. "ಹಾಗೇ ಇರಲಿ ಬಿಡು."

ಬಟ್ಟೆ ಮಡಚಿ ಹೊರಗೆ ಬಂದು ನಿನಗೆ ಬರೆಯಲು ಕೂತೆ.

ಅಕ್ಕ